ಪತ್ತಾಯದ ಹಿಂದಿನ ಎಲೆ

ಯಶ್ಮಿತಾಳಿಗೆ ಅಜ್ಜಿಯೇ ಇಲ್ಲ. ಅಪ್ಪನ ತಾಯಿ ಅವಳು ಹುಟ್ಟುವ ಮೊದಲೇ ಹೋಗಿದ್ದರು, ಅಮ್ಮನ ತಾಯಿ ಅವಳಿಗೆ ಎರಡು ವರ್ಷವಾಗುವಾಗ. ಇದನ್ನು ಅವಳೇ ನನಗೆ ಹೇಳಿದ್ದು, ಪುತ್ತೂರಿನ ದರ್ಬೆಯ ಅವರ ಮನೆಯ ಟೆರೇಸಿನಲ್ಲಿ ಕೂತು, ನಾನು ಕಟ್ಟಿಕೊಂಡು ಹೋಗಿದ್ದ ಹಲಸಿನ ಹಪ್ಪಳ ಮುರಿಯುತ್ತಾ. ಹಾಗಿದ್ದವಳು 'ನನ್ನ ಅಜ್ಜಿಯ ಏಳನೆಯ ಎಲೆ' ಎಂದು ಬರೆದು ವಿಶ್ವವಿದ್ಯಾನಿಲಯ ಮಟ್ಟದ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಹೊಡೆದಳು.

ಆ ಅಜ್ಜಿ ನನ್ನವಳು. ಸುಳ್ಯದ ಹತ್ತಿರದ ಅಜ್ಜಾವರದ ದೇವಮ್ಮ, ನನ್ನ ಅಪ್ಪ ಉದಯನ ತಾಯಿ. ನನ್ನ ಸಿಟ್ಟು ಇವತ್ತಿಗೂ ಇಳಿದಿಲ್ಲ, ಇಳಿಯುವುದೂ ಬೇಡ. ಆದರೆ ತಪ್ಪನ್ನೆಲ್ಲ ಯಶ್ಮಿತಾಳ ತಲೆಗೇ ಕಟ್ಟಲು ಹೊರಟರೆ ಒಂದು ಕಡೆ ನನ್ನ ಬಾಯಿ ಕಟ್ಟುತ್ತದೆ. ಅದನ್ನೂ ಹೇಳುತ್ತೇನೆ. ಮೊದಲು ಅವಳದ್ದು ಮುಗಿಯಲಿ.

ನಾವಿಬ್ಬರೂ ಪುತ್ತೂರಿನ ಒಂದು ಕಾಲೇಜಿನಲ್ಲಿ ಎಂ.ಎ. ಮೊದಲ ವರ್ಷ. ನಾನು ಸುಳ್ಯದಿಂದ ದಿನಾ ಬಸ್ಸಿನಲ್ಲಿ ಹೋಗಿಬರುವವಳು, ಬಸ್ಸು ತಪ್ಪಿದ ದಿನ ಅವಳ ಮನೆಯಲ್ಲೇ ಉಳಿಯುವವಳು. ಅವಳ ಕುತ್ತಿಗೆಯಲ್ಲಿ ಯಾವಾಗಲೂ ಕ್ಯಾಮರಾ, ನನ್ನ ಚೀಲದಲ್ಲಿ ಯಾವಾಗಲೂ ಒಂದು ನೋಟ್ ಪುಸ್ತಕ. ಜುಲೈಯಲ್ಲಿ ನೋಟೀಸು ಬೋರ್ಡಿನಲ್ಲಿ ಸ್ಪರ್ಧೆಯ ಹಾಳೆ ಕಾಣಿಸಿತು. ಒಂದು ಛಾಯಾಚಿತ್ರ, ಜೊತೆಗೆ ಎಂಟುನೂರು ಪದಗಳ ಬರಹ, ವಿಷಯ 'ನಮ್ಮ ಮನೆಯೊಳಗೆ'. ಒಬ್ಬರೇ ಕಳಿಸಬಹುದು, ಇಬ್ಬರು ಸೇರಿಯೂ ಕಳಿಸಬಹುದು. ಗೆದ್ದದ್ದು ಪತ್ರಿಕೆಯ ಭಾನುವಾರದ ಪುಟದಲ್ಲಿ ಅಚ್ಚಾಗುತ್ತದೆ.

"ಫೋಟೋ ನಂದು, ಬರೆಯುದು ನೀನು," ಎಂದಳು ಯಶ್ಮಿತಾ.

ಅಜ್ಜಿಯ ಬೀಡಿ ಕಟ್ಟುವ ಕೈಗಳ ಬಗ್ಗೆ ಎಂದು ತೀರ್ಮಾನವಾಯಿತು. ಅದಕ್ಕಾಗಿಯೇ ಅವಳು ಆಟಿ, ಅಂದರೆ ಆಷಾಢದ ಅಮಾವಾಸ್ಯೆಯ ಹೊತ್ತಿಗೆ ನಮ್ಮ ಮನೆಗೆ ಬಂದು ಎರಡು ದಿನ ಉಳಿದದ್ದು. ಕರೆದವಳು ನಾನೇ.

ಆಟಿಯಲ್ಲೊಮ್ಮೆ, ದೀಪಾವಳಿಗೊಮ್ಮೆ ನಮ್ಮ ಮನೆಯಲ್ಲಿ ತೀರಿಹೋದ ಹಿರಿಯರಿಗೆ ಬಡಿಸುವ ಕ್ರಮ ಇದೆ. ಮೂರ್ಸಂಜೆಗೆ ಒಳಕೋಣೆಯಲ್ಲಿ ದೀಪ ಹಚ್ಚಿ, ಸಾಲಾಗಿ ಬಾಳೆ ಎಲೆ ಹಾಕಿ, ಅನ್ನ, ದೋಸೆ, ಕೋಳಿ ಸಾರು ಬಡಿಸುತ್ತೇವೆ. ಮುತ್ತಜ್ಜನ ಎಲೆಯ ಪಕ್ಕ ಒಂದು ಕಟ್ಟು ಬೀಡಿಯೂ ಇರಬೇಕು, ಇಲ್ಲದಿದ್ದರೆ ಅವನಿಗೆ ಉಂಡದ್ದು ಮೈಗೆ ಹತ್ತುವುದಿಲ್ಲವಂತೆ. ಆಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಹಾಕುವುದು. ಅವರು ಉಣ್ಣುವಾಗ ಯಾರೂ ನೋಡಬಾರದು. ಅರ್ಧ ಗಂಟೆ ಕಳೆದ ಮೇಲೆ ಅಜ್ಜ ಜೋರಾಗಿ ಕೆಮ್ಮಿ, ನಾವು ಬರುತ್ತಿದ್ದೇವೆ ಎಂದು ತಿಳಿಸಿ, ಬಾಗಿಲು ತೆರೆಯುತ್ತಾನೆ. ನಮ್ಮ ಮನೆಗೆ ಆರು ಎಲೆ. ಅಜ್ಜ ಕುಕ್ಕಪ್ಪ ಪ್ರತಿ ಸಲ ಒಬ್ಬೊಬ್ಬರ ಹೆಸರು ಹೇಳಿ ಬೆರಳು ಮಡಚುತ್ತಾನೆ. ಆರು.

ಏಳನೆಯದ್ದು ಅಜ್ಜಿಯ ಸೆರಗಿನೊಳಗೆ ಇರುತ್ತದೆ. ಅಂಗೈಯಷ್ಟು ಅಗಲದ ಕುಡಿ ಎಲೆ. ಎಲ್ಲರೂ ಹೊರಟ ಮೇಲೆ ಅವಳು ಅದನ್ನು ಪತ್ತಾಯದ ಹಿಂದೆ, ಅಂದರೆ ಭತ್ತ ತುಂಬುವ ದೊಡ್ಡ ಮರದ ಪೆಟ್ಟಿಗೆಯ ಹಿಂದಿನ ಸಂದಿಯಲ್ಲಿ ಹಾಕಿ, ಅರ್ಧ ದೋಸೆ ಮತ್ತು ಒಂದು ತುಂಡು ಬೆಲ್ಲ ಇಡುತ್ತಾಳೆ. ಬಾಗಿಲು ತೆರೆದಾಗ ಮೊದಲು ಒಳಗೆ ಹೋಗಿ ಅದನ್ನು ತೆಗೆಯುವವಳೂ ಅವಳೇ. ನನಗೆ ಹತ್ತು ವರ್ಷವಿದ್ದಾಗ ಸಾರಿನ ಪಾತ್ರೆ ಹಿಡಿದುಕೊಂಡು ಹಿಂದೆ ನಿಂತಿದ್ದೆ, ಕಂಡುಬಿಟ್ಟೆ. ಅಂದಿನಿಂದ ಒಳಕೋಣೆಯ ಕೆಲಸಕ್ಕೆ ಅಜ್ಜಿಗೆ ನಾನೇ ಜೊತೆ. ಕೊನೆಗೆ ಹೊರಗೆ ಬರುವವರು ನಾವಿಬ್ಬರು.

ಆ ಎಲೆ ಸೀತುವಿನದ್ದು. ಸೀತು ಅಜ್ಜಿಯ ಮೊದಲ ಮಗಳು, ಅಪ್ಪನ ಅಕ್ಕ, ಐದನೆಯ ವರ್ಷದಲ್ಲಿ ಪಯಸ್ವಿನಿ ಹೊಳೆಯಲ್ಲಿ ಹೋದವಳು. ಅಷ್ಟು ಸಣ್ಣವರಿಗೆ ಹಿರಿಯರ ಸಾಲಿನಲ್ಲಿ ಎಲೆ ಹಾಕುವ ಕ್ರಮ ನಮ್ಮಲ್ಲಿ ಇಲ್ಲ. ಆ ದಿನ ಅಜ್ಜ ಎತ್ತುಗಳನ್ನು ಮೀಯಿಸಲು ಹೊಳೆಗೆ ಹೊರಟಾಗ ಮಗು ತಾನೂ ಬರುತ್ತೇನೆಂದು ಹಟ ಮಾಡಿತ್ತು. ಅಜ್ಜ ಕಣ್ಣುತಪ್ಪಿಸಿ ಹೋದ. ಮಗು ಅಪ್ಪನನ್ನು ಹುಡುಕಿಕೊಂಡು ಹಿಂದೆಯೇ ಬಂದು ಕಾಲು ಜಾರಿತು. ಅಜ್ಜ ಐವತ್ತು ವರ್ಷದಿಂದ ನಂಬಿಕೊಂಡದ್ದು ಇದನ್ನು. ಆಮೇಲೆ ಅವನು ಎತ್ತುಗಳನ್ನು ಮಾರಿದ, ಹೊಳೆಯ ಕಡೆಗೆ ತಲೆ ಹಾಕಲಿಲ್ಲ. ರಸ್ತೆಬದಿಯ ಶಾಫಿಯ ಅಂಗಡಿಗೆ ಹೊರಟರೂ ಅಂಗಳದಲ್ಲಿ ನಿಂತು ಹೇಳಿಯೇ ಹೋಗುವುದು, "ನಾನು ಹೋಗಿ ಬರ್ತೇನೆ, ಹಿಂದೆ ಬರ್ಬೇಡಿ." ಸಣ್ಣವಳಿದ್ದಾಗ ನಾನು ಅದನ್ನು ತಮಾಷೆ ಎಂದುಕೊಂಡಿದ್ದೆ.

ಅಜ್ಜಿ ನನಗೆ ಹೇಳಿದ್ದು ಇನ್ನೂ ಒಂದಿತ್ತು. ಅಜ್ಜ ಹೋದ ಮೇಲೆ ಸೀತು ಭರಣಿಯಿಂದ ಬೆಲ್ಲ ಕದ್ದು ತಿಂದಳು. ಅಜ್ಜಿ ಬೆತ್ತದಲ್ಲಿ ಕಾಲಿಗೆ ಬಾರಿಸಿದಳು. "ನನ್ನ ಕಣ್ಣೆದುರು ನಿಲ್ಬೇಡ, ಹೋಗು ಅಪ್ಪನ ಹತ್ತಿರ," ಎಂದು ದೂಡಿ ಬಾಗಿಲು ಹಾಕಿದಳು. ಮಗು ಹೋಯಿತು. ಸಂಜೆ ಅಜ್ಜ ಎದೆ ಬಡಿದುಕೊಂಡು "ನನ್ನನ್ನು ಹುಡುಕಿ ಬಂದದ್ದು" ಎಂದು ಅಳುವಾಗ ಅಜ್ಜಿಗೆ ಬಾಯಿ ಬರಲಿಲ್ಲ. ಆಮೇಲೆ ಯಾವ ದಿನವೂ ಬರಲಿಲ್ಲ.

"ಅಜ್ಜನಿಗೆ ಗೊತ್ತಾಗ್ಬಾರ್ದು ಮಗಾ," ಎಂದು ಅಜ್ಜಿ ನನ್ನ ಕೈಯನ್ನು ತನ್ನ ತಲೆಯ ಮೇಲೆ ಇರಿಸಿಕೊಂಡಿದ್ದಳು. ನಾನು ಆಣೆ ಹಾಕಿದ್ದೆ.

ಆಟಿಯ ಆ ಸಂಜೆ ಯಶ್ಮಿತಾಳಿಗೆ ಫೋಟೋ ತೆಗೆಯಬಾರದು ಎಂದು ಮೊದಲೇ ಹೇಳಿದ್ದೆ. ಅವಳು ಕ್ಯಾಮರಾವನ್ನು ಚೀಲಕ್ಕೆ ಹಾಕಿ, ಜಿಪ್ ಎಳೆದು ನನಗೆ ತೋರಿಸಿದಳು. ದೋಸೆಯ ಪಾತ್ರೆ ಹೊತ್ತು ಒಳಗೆ ಬಂದು ಸಹಾಯವನ್ನೂ ಮಾಡಿದಳು. ಅಜ್ಜಿಗೆ ಅವಳ ಮೇಲೆ ಪ್ರೀತಿಯೇ ಬಂತು. ಎಲ್ಲ ಮುಗಿಸಿ, ಬಾಗಿಲು ಹಾಕಿ, ನಾವೆಲ್ಲ ಚಾವಡಿಯಲ್ಲಿ ಕೂತ ಮೇಲೆ ಅವಳು ತಲೆಗೆ ಕೈ ಇಟ್ಟುಕೊಂಡಳು.

"ಅಯ್ಯೋ, ನನ್ನ ಫೋನ್ ಒಳಗೆ ಬಾಕಿ ಆಯ್ತಲ್ಲ ಅಜ್ಜಿ. ಅಟ್ಟಳಿಗೆಯ ಮೇಲೆ ಇಟ್ಟಿದ್ದೆ."

"ಇರ್ಲಿ ಬಿಡು," ಎಂದಳು ಅಜ್ಜಿ. "ಅವರೆಂತ ಫೋನ್ ಮಾಡುದಿಲ್ಲ."

ನಾವೆಲ್ಲ ನಕ್ಕೆವು. ಅಜ್ಜನೂ ನಕ್ಕ. ಆ ನಗುವನ್ನು ನೆನೆದರೆ ಈಗ ನನ್ನ ಮೈ ಉರಿಯುತ್ತದೆ.

ಮರುದಿನ ಸುಳ್ಯದ ಬಸ್ ಸ್ಟ್ಯಾಂಡಿನಲ್ಲಿ ಪುತ್ತೂರು ಬಸ್ಸಿಗೆ ಕಾಯುವಾಗ ಯಶ್ಮಿತಾ ಕೇಳಿದಳು, "ಪತ್ತಾಯದ ಹಿಂದೆ ಇನ್ನೊಂದು ಎಲೆ ಉಂಟಲ್ಲ, ಅದು ಯಾರಿಗೆ?"

ಅವಳು ಹೊರಗೆ ಹೋದ ಮೇಲೆ ಹಾಕಿದ ಎಲೆ ಅದು. ಅವಳಿಗೆ ಹೇಗೆ ಕಂಡಿತು ಎಂದು ನನಗೆ ಆಗಲೇ ತೋಚಬೇಕಿತ್ತು. ತೋಚಲಿಲ್ಲ. ಫೋಟೋ ತೆಗೆಯುವವಳ ಕಣ್ಣಲ್ಲವೇ ಎಂದು ಮೆಚ್ಚಿಕೊಂಡೆ. ಮೊದಲು "ಎಂತದೂ ಇಲ್ಲ" ಎಂದೆ. ಅವಳು ಬೇಜಾರು ಮಾಡಿಕೊಂಡವಳ ಹಾಗೆ ಆಚೆ ನೋಡಿದಳು. ನನಗೆ ತಡೆಯಲಾಗಲಿಲ್ಲ. ನಿಜ ಹೇಳಬೇಕೆಂದರೆ, ಹೇಳುವುದಕ್ಕೆ ಅಷ್ಟು ಒಳ್ಳೆಯ ಕಥೆ ನನ್ನಲ್ಲಿದೆ ಎಂಬ ಜಂಬವೂ ಇತ್ತು. ಬಸ್ಸು ಬರುವುದರೊಳಗೆ ಎಲ್ಲ ಹೇಳಿಬಿಟ್ಟೆ, ಬೆಲ್ಲ, ಬೆತ್ತ, ಬಾಗಿಲು, ಐವತ್ತು ವರ್ಷ. ಅವಳ ಕಣ್ಣಲ್ಲಿ ನೀರು ಬಂತು. "ಯಾರಿಗೂ ಹೇಳುದಿಲ್ಲ ಮಾರಾಯ್ತಿ," ಎಂದಳು.

ತಿಂಗಳು ಕಳೆಯಿತು. ಬೀಡಿ ಕಟ್ಟುವ ಕೈಗಳ ಬಗ್ಗೆ ನಾನು ಮೂರು ಸಲ ಶುರುಮಾಡಿ ಮೂರು ಸಲ ಹರಿದೆ. ಯಶ್ಮಿತಾ ಒಂದು ದಿನ, "ಬಿಡು, ಈ ವರ್ಷ ಕಳಿಸುದು ಬೇಡ, ಇಂಟರ್ನಲ್ಸ್ ಬೇರೆ ಉಂಟು," ಎಂದಳು. ನನಗೆ ಉಪಕಾರವೇ ಆಯಿತು.

ಸೆಪ್ಟೆಂಬರಿನಲ್ಲಿ ಕಾಲೇಜಿನ ಸಭಾಂಗಣದಲ್ಲಿ ಬಹುಮಾನ ಬಂದ ಚಿತ್ರಗಳನ್ನು ಬೋರ್ಡುಗಳಿಗೆ ಅಂಟಿಸಿದ್ದರು. ನಾನು ಸುಮ್ಮನೆ ನೋಡಲು ಹೋದವಳು. ಮೊದಲ ಬೋರ್ಡಿನಲ್ಲಿ ನಮ್ಮ ಮನೆಯ ಒಳಕೋಣೆ ಇತ್ತು.

ಆರು ಎಲೆ, ದೀಪ, ಬೀಡಿಯ ಕಟ್ಟು. ಮೂಲೆಯಲ್ಲಿ ಪತ್ತಾಯ, ಅದರ ಹಿಂದೆ ಏಳನೆಯ ಎಲೆಯ ಒಂದು ಅಂಚು ಮತ್ತು ಬೆಲ್ಲ. ಮೇಲಿನ ಅಟ್ಟಳಿಗೆಯಿಂದ ತೆಗೆದದ್ದು. ಪ್ರತಿ ಎಲೆಯಿಂದಲೂ ಆವಿ ಏಳುತ್ತಿತ್ತು. ಆ ಆವಿಯ ಮುಂದೆ ನಿಂತು ಇಬ್ಬರು ಹುಡುಗಿಯರು "ಎಷ್ಟು ಚಂದ ಅಲ್ವಾ" ಎನ್ನುತ್ತಿದ್ದರು. ಇಪ್ಪತ್ತೆರಡು ವರ್ಷದಲ್ಲಿ ನಾನು ಆ ಎಲೆಗಳ ಮೇಲೆ ಹೀಗೆ ಆವಿ ಏಳುವುದನ್ನು ನಿಂತು ನೋಡಿದ್ದಿಲ್ಲ. ಬಡಿಸಿದ ಕೂಡಲೇ ಹೊರಗೆ ಬರುತ್ತೇವೆ, ಬಾಗಿಲು ತೆರೆಯುವಾಗ ಎಲ್ಲ ಆರಿ ತಣ್ಣಗಾಗಿರುತ್ತದೆ. ಇದು ಬಾಗಿಲು ಹಾಕಿದ ಮೇಲಿನ ಚಿತ್ರ. ಯಾರೂ ನೋಡಬಾರದ ಹೊತ್ತಿನದ್ದು.

ಕೆಳಗೆ ಎಂಟುನೂರು ಪದ. ಮಗುವಿನ ಹೆಸರು ಮಾತ್ರ ಬೇರೆ. ಉಳಿದದ್ದೆಲ್ಲ ಬಸ್ ಸ್ಟ್ಯಾಂಡಿನಲ್ಲಿ ನಾನು ಹೇಳಿದ ಹಾಗೆಯೇ. 'ನನ್ನ ಅಜ್ಜಿ ನನ್ನ ಕೈಯನ್ನು ತನ್ನ ತಲೆಯ ಮೇಲೆ ಇರಿಸಿಕೊಂಡಳು' ಎಂಬ ಸಾಲೂ ಇತ್ತು. ನನ್ನ ಕೈಯನ್ನೂ ಅವಳು ಬಿಟ್ಟಿರಲಿಲ್ಲ.

ಕ್ಯಾಂಟೀನಿನ ಹಿಂದೆ ಅವಳನ್ನು ಹಿಡಿದು ನಿಲ್ಲಿಸಿದೆ.

"ನಾನು ನೋಡ್ಲಿಲ್ಲ ಮಾರಾಯ್ತಿ," ಎಂದಳು. "ಟೈಮರ್ ಇಟ್ಟಿದ್ದೆ. ಫೋನ್ ನೋಡಿದ್ದು."

"ನಾಚಿಕೆ ಇಲ್ವಾ ನಿನಗೆ? ಅಜ್ಜಿ ನಿನಗೆ ಮೊದಲು ದೋಸೆ ಹಾಕಿದ್ದು, ನನಗಲ್ಲ!"

"ನೀನು ಬರೀತಾನೇ ಇರ್ಲಿಲ್ಲ ಭವಿತಾ. ಅಂಥ ಕಥೆಯನ್ನು ಇಟ್ಟುಕೊಂಡು ಎಂತ ಮಾಡ್ತಿದ್ದೆ? ನಿಮ್ಮವರಿಗೆ ಗೊತ್ತಾಗ್ಬಾರ್ದು ಅಂತಲೇ ನನ್ನ ಅಜ್ಜಿ ಅಂತ ಹಾಕಿದ್ದು. ಊರಿನ ಹೆಸರೂ ಹಾಕ್ಲಿಲ್ಲ. ದರ್ಬೆಯ ಹುಡುಗಿಯ ಅಜ್ಜಿ ಅಂತ ಯಾರಾದ್ರೂ ಓದಿದ್ರೆ ನಿಮಗೆಂತ ಆಗುದು?"

ಆ ಮಾತು ನನ್ನ ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ. ಕದ್ದವಳು ಕದ್ದದ್ದಕ್ಕೆ ಕಾರಣ ಬೇರೆ ಹೇಳುತ್ತಿದ್ದಾಳೆ ಎಂದು ತಲೆ ಇನ್ನಷ್ಟು ಕೆಟ್ಟಿತು. ಅಲ್ಲಿಂದ ಸೀದಾ ಸ್ಪರ್ಧೆಯ ಉಸ್ತುವಾರಿ ನೋಡುತ್ತಿದ್ದ ಮುರಳಿಕೃಷ್ಣ ಸರ್ ಹತ್ತಿರ ಹೋದೆ. ರಾಮಕುಂಜದಿಂದ ಬೈಕಿನಲ್ಲಿ ಬರುವ, ಯಾರಿಗೂ ಜೋರು ಮಾಡದ ಮನುಷ್ಯ.

"ಅದು ಅವಳ ಅಜ್ಜಿ ಅಲ್ಲ ಸರ್, ನಮ್ಮಜ್ಜಿ! ಅದು ನಮ್ಮ ಮನೆ!" ಎಂದೆ.

ಸರ್ ನನ್ನನ್ನು ಕೂರಿಸಿ ನೀರು ಕೊಟ್ಟರು. ಕೇಳಿದ್ದಕ್ಕೆಲ್ಲ ಉತ್ತರ ಹೇಳಿದೆ. ನಮ್ಮ ಮನೆಯ ಪತ್ತಾಯದ ಚಿತ್ರ ನನ್ನ ಫೋನಿನಲ್ಲಿ ಇತ್ತು, ತೋರಿಸಿದೆ. ಯಶ್ಮಿತಾಳನ್ನು ಕರೆಸಿದರು. ಅವಳು ಒಪ್ಪಿಕೊಂಡಳು. ಸರ್, "ಬಹುಮಾನ ಇಬ್ಬರ ಹೆಸರಿಗೂ ಮಾಡುವ. ಪತ್ರಿಕೆಗೆ ಇವತ್ತೇ ಫೋನ್ ಮಾಡ್ತೇನೆ. ಛಾಯಾಚಿತ್ರ ಅವಳದ್ದು, ಕಥೆ ಭವಿತಾ, ಅಜ್ಜಾವರ. ಆಗಬಹುದಾ?" ಎಂದು ಕೇಳಿದರು.

ಬೇಡ ಸರ್, ಅದನ್ನು ಹಿಂದಕ್ಕೆ ತೆಗೆಸಿ ಎಂದು ಹೇಳಬೇಕಿತ್ತು. ಹೇಳುವುದಕ್ಕೆ ಜಾಗವೂ ಇತ್ತು, ಸರ್ ಕಾಯುತ್ತಿದ್ದರು. ಯಶ್ಮಿತಾಳೇ ನನ್ನ ಕಡೆ ತಿರುಗಿ ಮೆಲ್ಲಗೆ, "ಊರಿನ ಹೆಸರು ಹಾಕಿದ್ರೆ ಅಜ್ಜನಿಗೆ ಗೊತ್ತಾಗುದಿಲ್ವಾ?" ಎಂದಳು.

"ನಮ್ಮಜ್ಜನ ಸುದ್ದಿ ನಿನಗೆ ಬೇಡ," ಎಂದೆ. ಸರ್‌ಗೆ, "ಆಗಬಹುದು," ಎಂದೆ.

ಭಾನುವಾರದ ಪೇಪರನ್ನು ಅಜ್ಜ ಏಳುವ ಮೊದಲೇ ಎತ್ತಿಟ್ಟರಾಯಿತು ಎಂದು ಲೆಕ್ಕ ಹಾಕಿದ್ದೆ. ಬಸ್ಸಿನಲ್ಲಿ ಬರುವಾಗ ನನ್ನ ಹೆಸರು ಅಚ್ಚಿನಲ್ಲಿ ಹೇಗೆ ಕಾಣಬಹುದೆಂದು ಎರಡು ಮೂರು ಸಲ ಯೋಚಿಸಿದ್ದೂ ಹೌದು.

ಭಾನುವಾರ ಬೆಳಿಗ್ಗೆ ಗೇಟಿನ ಹತ್ತಿರ ಕಾದು ನಿಂತು ಪೇಪರ್ ಹಿಡಿದೆ, ನನ್ನ ಹಾಸಿಗೆಯ ಅಡಿಗೆ ತುರುಕಿದೆ. ಅಜ್ಜನಿಗೆ ಪೇಪರಿನವ ಇವತ್ತು ಬರಲಿಲ್ಲ ಎಂದೆ. ಅಜ್ಜ ಗೊಣಗಿದ. ಅಜ್ಜಿಗೆ ಓದು ಬಾರದು. ದಿನಾ ಬೆಳಿಗ್ಗೆ ಅವಳು ಮೊರ ಮಡಿಲಲ್ಲಿಟ್ಟು ಬೀಡಿ ಕಟ್ಟುವಾಗ ಅಜ್ಜ ಪೇಪರ್ ಜೋರಾಗಿ ಓದಿ ಹೇಳುವುದು ಅವರ ಪದ್ಧತಿ.

ಎಂಟು ಗಂಟೆಯ ಹೊತ್ತಿಗೆ ಶಾಫಿ ಅಂಗಡಿ ಬಿಟ್ಟು ಓಡಿಕೊಂಡು ಬಂದ, ಕೈಯಲ್ಲಿ ಪೇಪರ್.

"ಗೌಡ್ರೇ, ನಿಮ್ಮ ಪುಳ್ಳಿಯ ಹೆಸರು ಬಂದಿದೆ ಮಾರಾಯ್ರೆ! ಭವಿತಾ, ಅಜ್ಜಾವರ! ನಾನು ಓದ್ಲಿಲ್ಲ, ಹೆಸರು ನೋಡಿದ ಕೂಡ್ಲೇ ತಂದೆ!"

ನಾನು ಕೈ ಚಾಚಿದೆ. ಅಜ್ಜ ಕೊಡಲಿಲ್ಲ. ಕನ್ನಡಕ ಸರಿಮಾಡಿಕೊಂಡು, "ನೋಡು ದೇವಮ್ಮ, ನಮ್ಮ ಪತ್ತಾಯದ ಫೋಟೋ!" ಎಂದು ನಕ್ಕ. ಅಜ್ಜಿಯ ಬೆರಳಿನ ನಡುವೆ ಬೀಡಿ ಎಲೆ ನಿಂತಿತು. ಅವಳು ಚಿತ್ರವನ್ನು ನೋಡಲಿಲ್ಲ, ನನ್ನನ್ನು ನೋಡಿದಳು.

ಅಜ್ಜ ಓದಲು ಶುರುಮಾಡಿದ. ಊರಿಗೆಲ್ಲ ಕೇಳಲಿ ಎನ್ನುವಷ್ಟು ಜೋರಾಗಿ. ಆರು ಎಲೆಯ ಬಗ್ಗೆ ಬಂದಾಗ ಶಾಫಿಯ ಕಡೆ ನೋಡಿ ತಲೆ ಆಡಿಸಿದ. ಏಳನೆಯ ಎಲೆ ಬಂತು. ಹೊಳೆ ಬಂತು, ಎತ್ತುಗಳು ಬಂದವು. ದನಿ ಇಳಿಯಿತು, ಆದರೆ ಅವನು ನಿಲ್ಲಿಸಲಿಲ್ಲ. "ಅಜ್ಜ, ಸಾಕು," ಎಂದೆ. ಅವನು ಕೈ ಎತ್ತಿ ನನ್ನನ್ನು ಸುಮ್ಮನಿರಿಸಿದ. ಬೆಲ್ಲ, ಬೆತ್ತ, ದೂಡಿ ಹಾಕಿದ ಬಾಗಿಲು, ಎಲ್ಲವನ್ನೂ ಒಂದೊಂದೇ ಪದ ಓದಿದ. ಶಾಫಿ ಯಾವಾಗ ಎದ್ದು ಹೋದನೋ ಗೊತ್ತಾಗಲಿಲ್ಲ.

ಓದಿ ಮುಗಿಸಿ ಅಜ್ಜ ಪೇಪರನ್ನು ನಾಲ್ಕು ಮಡಿಕೆ ಮಾಡಿದ.

"ಕಾಲಿನಲ್ಲಿ ಗೆರೆ ಇತ್ತು," ಎಂದ. "ಕೊನೆಗೆ ಮಗುವನ್ನು ಮೀಯಿಸುವಾಗ ನಾನು ನೋಡಿದ್ದೆ. ಕಲ್ಲು ತಾಗಿದ್ದು ಅಂತ ಎಣಿಸಿದ್ದೆ."

ಅಜ್ಜ ಚಪ್ಪಲಿ ಮೆಟ್ಟಿ ಅಂಗಳಕ್ಕೆ ಇಳಿದ. ಹೋಗಿ ಬರ್ತೇನೆ ಎನ್ನಲಿಲ್ಲ, ಹಿಂದೆ ಬರಬೇಡಿ ಎಂದೂ ಅನ್ನಲಿಲ್ಲ. ಅವನು ಅಂಗಡಿಯ ದಾರಿ ಬಿಟ್ಟು ಹೊಳೆಯ ದಾರಿ ಹಿಡಿದದ್ದನ್ನು ಕಂಡು ಅಪ್ಪ ಹಿಂದೆ ಓಡಿದ. ಮಧ್ಯಾಹ್ನ ಇಬ್ಬರೂ ತಿರುಗಿ ಬಂದರು. ಅಜ್ಜನ ತಲೆ ಒದ್ದೆಯಾಗಿತ್ತು, ಅಪ್ಪನ ಕಣ್ಣು ಕೆಂಪಾಗಿತ್ತು.

ಅದಕ್ಕೂ ಮೊದಲು, ಚಾವಡಿಯಲ್ಲಿ ನಾವಿಬ್ಬರೇ ಉಳಿದಾಗ, ನಾನು ಅಜ್ಜಿಯ ಕಾಲ ಹತ್ತಿರ ಕೂತು ಯಶ್ಮಿತಾಳ ಬಗ್ಗೆ ಎಲ್ಲ ಹೇಳಿದೆ. ಮೋಸ ಮಾಡಿದಳು, ಬೆನ್ನಿಗೆ ಚೂರಿ ಹಾಕಿದಳು, ಫೋನನ್ನು ಬೇಕೆಂದೇ ಬಿಟ್ಟಿದ್ದಳು ಎಂದು ಅತ್ತೆ. ಅಜ್ಜಿ ಕೇಳಿಸಿಕೊಂಡಳು.

"ಆ ಹುಡುಗಿಗೆ ಸೀತು ಯಾರು ಅಂತ ಗೊತ್ತಿರ್ಲಿಲ್ಲ," ಎಂದಳು. ಆಮೇಲೆ, "ನಿನಗೆ ಎಂತ ಕೊಟ್ರು?" ಎಂದು ಕೇಳಿದಳು.

"ಒಂದು ಫಲಕ," ಎಂದೆ.

ಅವಳು ಮೊರವನ್ನು ಮತ್ತೆ ಮಡಿಲಿಗೆ ಎಳೆದುಕೊಂಡಳು.

ಆಮೇಲೆ ಅಜ್ಜ ಅಜ್ಜಿ ಜಗಳವಾಡಲಿಲ್ಲ. ಜಗಳವಾಡಿದ್ದರೆ ನನಗೆ ಹಗುರವಾಗುತ್ತಿತ್ತು. ಪೇಪರ್ ಓದಿ ಹೇಳುವುದು ನಿಂತಿತು. ಅಜ್ಜ ಒಬ್ಬನೇ ಮನಸ್ಸಿನಲ್ಲೇ ಓದುತ್ತಿದ್ದ, ಅಜ್ಜಿ ಹಿತ್ತಲಿನ ಜಗಲಿಯಲ್ಲಿ ಕೂತು ಬೀಡಿ ಕಟ್ಟುತ್ತಿದ್ದಳು. ಯಶ್ಮಿತಾ ಎರಡು ಸಲ ಫೋನ್ ಮಾಡಿದಳು, ನಾನು ಎತ್ತಲಿಲ್ಲ. ಕ್ಲಾಸಿನಲ್ಲಿ ಅವಳು ಬಾಗಿಲಿನ ಹತ್ತಿರದ ಬೆಂಚು, ನಾನು ಕಿಟಕಿಯ ಹತ್ತಿರದ್ದು.

ದೀಪಾವಳಿ ಬಂತು. ಸಂಜೆ ಅಜ್ಜ ಅಂಗಳದಲ್ಲಿ ನಿಂತು ನನ್ನನ್ನು ಕರೆದ. ಬೆರಳು ಮಡಚಿ ಎಣಿಸಲಿಲ್ಲ. "ಏಳು ಎಲೆಯೂ ಒಂದೇ ಅಳತೆಗೆ ಇರ್ಲಿ, ಕೊಯ್ದು ತಾ," ಎಂದ. ಹಿತ್ತಲಿಗೆ ಓಡಿ, ಹರಿಯದ ಎಲೆಗಳನ್ನು ಆರಿಸಿ, ಏಳನ್ನೂ ಒಂದೇ ಅಳತೆಗೆ ಕೊಯ್ದು, ತೊಳೆದು, ಒರೆಸಿ ತಂದೆ. ಇನ್ನು ಎಲ್ಲ ಸರಿಯಾದೀತು ಎಂದು ಆ ಹತ್ತು ನಿಮಿಷ ನಂಬಿದ್ದೆ.

ಅಜ್ಜ ನನಗಿಂತ ಮೊದಲೇ ಒಳಕೋಣೆಗೆ ಹೋಗಿದ್ದ. ಪತ್ತಾಯವನ್ನು ಗೋಡೆಗೆ ಒತ್ತಿ ಸರಿಸಿದ ಸದ್ದು ಕೇಳಿತು. ಅಜ್ಜಿ ಹೊಸ್ತಿಲಲ್ಲಿ ನಿಂತು ನನ್ನ ಕೈಯಿಂದ ಎಲೆಗಳನ್ನು ತೆಗೆದುಕೊಂಡಳು. ನಾನು ಸಾರಿನ ಪಾತ್ರೆಗೆ ಕೈ ಹಾಕಿ ಒಳಗೆ ಹೆಜ್ಜೆ ಇಡಲು ಹೊರಟೆ.

"ಫೋನ್ ಉಂಟಾ ಕೈಯಲ್ಲಿ?" ಎಂದು ಕೇಳಿದಳು ಅಜ್ಜಿ.

"ಇಲ್ಲ ಅಜ್ಜಿ. ಕೋಣೆಯಲ್ಲಿ ಇಟ್ಟು ಬಂದೆ."

ಎರಡೂ ಕೈ ಬಿಡಿಸಿ ತೋರಿಸಿದೆ. ಅಜ್ಜಿ ನನ್ನ ಕೈಗಳನ್ನು ನೋಡಿದಳು. ಆಮೇಲೆ ಬಗ್ಗಿ ಸಾರಿನ ಪಾತ್ರೆಯನ್ನು ತಾನೇ ಎತ್ತಿಕೊಂಡಳು.

"ನೀನು ಅಪ್ಪನ ಹತ್ತಿರ ಹೋಗಿ ಕೂತ್ಕೋ," ಎಂದು ಹೇಳಿ ಬಾಗಿಲು ಹಾಕಿದಳು.